ಇದ್ದ ಜಾಗಕ್ಕೆ ಮರಳಲಾಗಲಿಲ್ಲ

ಮಾರ್ಚ್ 4

ಸಣ್ಣವಳೇ,

ಕುಶಲದ ಮಾತು ಆಮೇಲೆ, ಮೊದಲು ಜಗಳದ ಮಾತು. ಮುಖ್ಯ ಕಚೇರಿಯಿಂದ ನನಗೊಂದು ಛೀಮಾರಿ ಬಂದಿದೆ. "ನಿಮ್ಮ ಕೇಂದ್ರದ ದಾಖಲೆಯಲ್ಲಿ ಸಮುದ್ರವು ಪ್ರತಿದಿನವೂ ನಡುಮಧ್ಯದಲ್ಲಿ ಒಂದು ಅಡಿ ಜಿಗಿಯುತ್ತಿರುವುದು ಕಂಡುಬಂದಿದೆ. ವಿವರಣೆ ನೀಡತಕ್ಕದ್ದು." ಹದಿನಾಲ್ಕು ತಿಂಗಳಿಂದ ಈ ನಡುಗಡ್ಡೆಯಲ್ಲಿ ಕೂತು ನೀರಿನ ಮಟ್ಟ ನೋಡುತ್ತಿದ್ದೇನೆ. ಅದು ಜಿಗಿದದ್ದನ್ನು ನಾನಂತೂ ಕಂಡಿಲ್ಲ.

ನೀನು ಯಂತ್ರಗಳ ಡಾಕ್ಟರು, ರೋಗಲಕ್ಷಣ ಹೇಳುತ್ತೇನೆ ಕೇಳು. ಹತ್ತು ನಿಮಿಷಕ್ಕೊಮ್ಮೆ ನೀರಿನ ಮಟ್ಟ ಒಂದು ಫೈಲಾಗಿ "ಇಂದು" ಎಂಬ ಫೋಲ್ಡರಿಗೆ ಬಂದು ಬೀಳುತ್ತದೆ. ದಿನಕ್ಕೆ ನೂರ ನಲವತ್ತನಾಲ್ಕು. ಮಧ್ಯಾಹ್ನ ಹನ್ನೆರಡು ಹೊಡೆದ ಕೂಡಲೇ ಕಚೇರಿಯವರು ಹಾಕಿಕೊಟ್ಟ ಒಂದು ಪ್ರೋಗ್ರಾಮ್ "ಇಂದು" ಎಂಬುದಕ್ಕೆ "ನಿನ್ನೆ" ಎಂದು ಹೆಸರಿಡುತ್ತದೆ. ಮೊದಲಿದ್ದ "ನಿನ್ನೆ"ಗೆ ತಾರೀಕಿನ ಹೆಸರು ಕೊಟ್ಟು ಪಕ್ಕಕ್ಕೆ ಇಡುತ್ತದೆ. ಇನ್ನೊಂದು ಪ್ರೋಗ್ರಾಮ್ "ನಿನ್ನೆ"ಯಲ್ಲಿರುವುದನ್ನು ಡಿಸ್ಕಿಗೆ ನಕಲು ಮಾಡುತ್ತದೆ. ಅದಕ್ಕೆ ಅರ್ಧ ಗಂಟೆ ಬೇಕು, ಒಂದೊಂದು ಫೈಲಿಗೂ ಹತ್ತು ಹನ್ನೆರಡು ಸೆಕೆಂಡು, ಡಿಸ್ಕು ಅಷ್ಟು ಮುದಿ. ದೊಡ್ಡ ಜನರೇಟರ್ ಓಡುವುದು ಹನ್ನೊಂದೂಮುಕ್ಕಾಲಿಗೆ, ಆಗಲೇ ನಕಲೂ ಶುರು. ಬೇರೆ ಹೊತ್ತಿಗೆ ಮಾಡಬಾರದೇ ಎಂದು ಕೇಳಬೇಡ. ಕೇಳಿ ಬೈಸಿಕೊಂಡಾಗಿದೆ.

ನನ್ನ ಊಹೆ ನಿನಗೆ ಮುಟ್ಟಿರಬೇಕು. ಆದರೆ ದಾರಿ ಗೊತ್ತಿಲ್ಲ. ಇಲ್ಲಿನ ಸಂಪರ್ಕ ಅಂಕಿಗಳನ್ನು ಕಳಿಸಲಿಕ್ಕೆ ಮಾತ್ರ, ಮನುಷ್ಯರ ಮಾತಿಗಲ್ಲ. ಆದ್ದರಿಂದ ಔಷಧವನ್ನು ಮೂರು ವಾರಕ್ಕೊಮ್ಮೆ ಬರುವ ದೋಣಿಯಲ್ಲೇ ಕಳಿಸು.

ಇನ್ನೊಂದು ಕೆಲಸ. ಮುಂದಿನ ಕೋಣೆಯಲ್ಲಿ, ಕಿಟಕಿಯ ಪಕ್ಕ, ನಿಮ್ಮಣ್ಣನ ಮೇಜಿನ ಎರಡನೇ ಖಾನೆಯಲ್ಲಿ ಒಂದು ಭೂತಗನ್ನಡಿ ಇದೆ. ಅಳತೆ ಪಟ್ಟಿಯ ಗೀಟು ಈಗ ಬರಿಗಣ್ಣಿಗೆ ನಿಲುಕುತ್ತಿಲ್ಲ. ಕಳಿಸಿಕೊಡು. ಮನೆ ಹೇಗಿದೆ, ಬರೆ.

ನಿನ್ನ ಅತ್ತಿಗೆ


ಮಾರ್ಚ್ 15

ಅತ್ತಿಗೆ,

ನಿಮ್ಮ ಸಮುದ್ರಕ್ಕೆ ಏನೂ ಆಗಿಲ್ಲ. ನಕಲು ಮಾಡುವ ನಿಮ್ಮ ಪ್ರೋಗ್ರಾಮಿಗೆ ತಲೆಯಿಲ್ಲ, ಅಷ್ಟೆ. ಅದು ಪ್ರತಿ ಸಲವೂ ಪೂರ್ತಿ ವಿಳಾಸ ಹೇಳಿ ಫೈಲು ಕೇಳುತ್ತದೆ. "ನಿನ್ನೆ"ಯ ಎಪ್ಪತ್ತೊಂದು ಕೊಡು, "ನಿನ್ನೆ"ಯ ಎಪ್ಪತ್ತೆರಡು ಕೊಡು. ನಡುವೆ ಹನ್ನೆರಡು ಹೊಡೆದು ಆ ಹೆಸರು ಬೇರೆ ಫೋಲ್ಡರಿಗೆ ಹೋದರೂ ಅದಕ್ಕೆ ಗೊತ್ತಾಗುವುದಿಲ್ಲ. ಹಾಗಾಗಿ ಅರ್ಧ ದಿನ ಒಂದು ಸಮುದ್ರ, ಇನ್ನರ್ಧ ಇನ್ನೊಂದು.

ಮಾಡಬೇಕಾದ್ದು ಇಷ್ಟು. ಫೋಲ್ಡರನ್ನು ಒಮ್ಮೆ ತೆರೆದು ಕೈಯಲ್ಲಿ ಹಿಡಿದುಕೊಳ್ಳಬೇಕು. ಆಮೇಲೆ ಹೆಸರು ಎತ್ತಲೇಬಾರದು. "ನಾನು ಹಿಡಿದಿರುವುದರೊಳಗಿನ ಎಪ್ಪತ್ತೆರಡು ಕೊಡು" ಎಂದು ಕೇಳಬೇಕು. ಆಗ ಯಾರು ಏನು ಹೆಸರಿಟ್ಟರೂ, ಎಲ್ಲಿಗೆ ಎತ್ತಿಟ್ಟರೂ, ಹಿಡಿದದ್ದು ಅದೇ ಫೋಲ್ಡರು.

ಹೊಸ ಯಂತ್ರಗಳಿಗೆ ಈ ವಿದ್ಯೆ ಹುಟ್ಟಿನಿಂದ ಬರುತ್ತದೆ. ನಿಮ್ಮದಕ್ಕೆ ಬರುವುದಿಲ್ಲ. ಒಂದೇ ಪ್ರೋಗ್ರಾಮ್ ಹಳೆಯದು ಹೊಸದು ಎನ್ನದೆ ಎಲ್ಲ ಯಂತ್ರಗಳಲ್ಲೂ ಓಡಬೇಕು ಎಂಬುದಕ್ಕೇ ನನಗೆ ಸಂಬಳ ಕೊಡುವುದು. ನಿಮ್ಮದರಂಥ ಮುದುಕ ಯಂತ್ರಗಳಿಗಾಗಿ ಒಂದು ಬದಲಿ ದಾರಿ ಬರೆದಿದ್ದೇನೆ. ಪ್ರೋಗ್ರಾಮ್ ಮೊದಲು ತಾನು ನಿಂತಿರುವ ಜಾಗವನ್ನು, ಅಂದರೆ ನೀವು ಅದನ್ನು ಶುರು ಮಾಡಿದ ಫೋಲ್ಡರನ್ನು, ಹಿಡಿದಿಟ್ಟುಕೊಳ್ಳುತ್ತದೆ. ಆಮೇಲೆ ತಾನೇ ಎದ್ದು ಆ ಫೋಲ್ಡರಿನೊಳಗೆ ಹೋಗಿ, ಬೇಕಾದ ಫೈಲನ್ನು ತೆರೆದು, ಇದ್ದ ಜಾಗಕ್ಕೆ ಮರಳಿ ಬರುತ್ತದೆ. ಪ್ರತಿ ಫೈಲಿಗೂ ಹೀಗೇ ಹೋಗಿಬರುವುದು.

ಮರಳಿ ಬರಲಾಗದಿದ್ದರೆ ಮಾತ್ರ ಅಲ್ಲೇ ನಿಂತು ಪ್ರಾಣ ಬಿಡುತ್ತದೆ. ಅದನ್ನು ನಾನು ಬೇಕೆಂದೇ ಹಾಗೆ ಬರೆದಿದ್ದೇನೆ. ಪಕ್ಕದ ಮೇಜಿನವಳು, "ಇಷ್ಟು ಕಟುವಾಗಿ ಯಾಕೆ? ಒಂದು ಎಚ್ಚರಿಕೆ ಕೊಟ್ಟು ಮುಂದಕ್ಕೆ ಹೋಗ್ಲಿ ಬಿಡಿ," ಅಂದಳು. "ಎಲ್ಲಿದ್ದೀನಿ ಅಂತ ಗೊತ್ತಿಲ್ದೆ ಮುಂದಕ್ಕೆ ಹೋದ್ರೆ ಇನ್ಯಾರದೋ ಫೈಲಿನ ಮೇಲೆ ಬರೆದು ಹಾಳು ಮಾಡುತ್ತೆ," ಅಂದೆ.

ಹೊಸ ಪ್ರೋಗ್ರಾಮ್ ಇರುವ ಡಿಸ್ಕು, ಭೂತಗನ್ನಡಿ ಎರಡೂ ಈ ಪೆಟ್ಟಿಗೆಯಲ್ಲಿವೆ. ಗನ್ನಡಿ ನೀವು ಹೇಳಿದ ಖಾನೆಯಲ್ಲೇ ಇತ್ತು. ತೊಂದರೆಯಾದರೆ ಯಂತ್ರ ಕೊನೆಗೆ ಹೇಳಿದ ಮಾತನ್ನೂ ಫೋಲ್ಡರುಗಳ ಪಟ್ಟಿಯನ್ನೂ ಮುದ್ರಿಸಿ ಕಳಿಸಿ. ಮನೆ ಚೆನ್ನಾಗಿದೆ. ಡಿಸೆಂಬರಿಗೆ ನಿಮ್ಮ ಎರಡು ವರ್ಷ ಮುಗಿಯುತ್ತದೆ, ನಾನು ಬೆರಳು ಮಡಚಿ ಎಣಿಸುತ್ತಿದ್ದೇನೆ.

ನಿಮ್ಮ ನಾದಿನಿ


ಮಾರ್ಚ್ 15, ಸಂಜೆ

ಅತ್ತಿಗೆ,

ಅಂಚೆಗೆ ಹಾಕುವುದಿಲ್ಲ ಎಂದು ಗೊತ್ತಿದ್ದೇ ಇದನ್ನು ಬರೆಯುತ್ತಿದ್ದೇನೆ.

ಮನೆ ಇಲ್ಲ. ಜನವರಿಯಲ್ಲೇ ಕೆಡವಿದರು. ಮಾಲೀಕರು ಎರಡು ತಿಂಗಳು ಗಡುವು ಕೊಟ್ಟಿದ್ದರು, ನಾನು ಒಬ್ಬಳೇ ಸಾಮಾನು ಕಟ್ಟಿದೆ. ಈಗ ನಾಲ್ಕನೇ ಮಹಡಿಯಲ್ಲಿ ಎರಡು ಕೋಣೆ. ನಿಮ್ಮ ಪತ್ರಗಳು ಹಳೆಯ ವಿಳಾಸಕ್ಕೆ ಹೋಗಿ, ಅಂಚೆಯವರು ತಿರುಗಿಸಿ ಇಲ್ಲಿಗೆ ಬರುತ್ತವೆ. ಅಣ್ಣನ ಮೇಜಿನ ಖಾನೆಗಳನ್ನು ಒಂದನ್ನೂ ಬರಿದು ಮಾಡದೆ, ಹಗ್ಗ ಬಿಗಿದು ಹಾಗೇ ಹೊರಿಸಿ ತಂದೆ. ಎರಡನೇ ಖಾನೆ ಎರಡನೇ ಖಾನೆಯಾಗಿಯೇ ಉಳಿದಿದೆ. ಅಷ್ಟು ಮಾತ್ರ ನಾನು ಸುಳ್ಳು ಹೇಳಲಿಲ್ಲ.

ಅಣ್ಣ ಆಫೀಸಿನಲ್ಲಿ ಕೂತಲ್ಲೇ ಹೋದ ಮೇಲೆ ನೀವು ಆರು ತಿಂಗಳು ಆ ಮನೆಯಲ್ಲಿ ಇದ್ದಿರಿ. ಹೊರಡುವ ದಿನ ಬಾಗಿಲಲ್ಲಿ ನಿಂತು, "ಏನನ್ನೂ ಎತ್ತಿಡಬೇಡ ಕಣೇ. ಎಲ್ಲಾ ಹಿಂಗೇ ಇದ್ರೆ ನಾನು ವಾಪಸ್ ಬರ್ತೀನಿ," ಅಂದಿರಿ. ಹಿಂಗೇ ಇಲ್ಲ ಎಂದು ಈಗ ಹೇಗೆ ಬರೆಯಲಿ? ತಿಳಿದರೆ ನೀವು ಬರುವುದಿಲ್ಲ. ನೀವು ಬರದಿದ್ದರೆ ನನಗೆ ಇನ್ಯಾರಿದ್ದಾರೆ? ಡಿಸೆಂಬರಿನಲ್ಲಿ ದೋಣಿ ಇಳಿದ ಮೇಲೆ ಎದುರಿಗೇ ಹೇಳಿಬಿಡುತ್ತೇನೆ. ಎದುರಿಗಿದ್ದಾಗ ನೀವು ಬೈದು ಸುಮ್ಮನಾಗುತ್ತೀರಿ.


ಏಪ್ರಿಲ್ 15

ಸಣ್ಣವಳೇ,

ಹದಿಮೂರು ದಿನ ನಿನ್ನ ಔಷಧ ಚೆನ್ನಾಗಿ ಹಿಡಿಯಿತು. ಸಮುದ್ರ ಜಿಗಿಯುವುದನ್ನು ಬಿಟ್ಟಿತು, ಕಚೇರಿಯವರು ಬೈಯುವುದನ್ನು ಬಿಟ್ಟರು. ಹದಿನಾಲ್ಕನೇ ದಿನ, ಒಂಬತ್ತನೇ ತಾರೀಕು, ನಕಲಿನ ನಡುವೆ ಸತ್ತೇಹೋಯಿತು. ಪರದೆಯ ಮೇಲೆ ಒಂದೇ ಸಾಲು: "ಇದ್ದ ಜಾಗಕ್ಕೆ ಮರಳಲಾಗಲಿಲ್ಲ: ಡಿಸೆಂಬರ್. ನಿಲ್ಲಿಸುತ್ತಿದ್ದೇನೆ."

ಜನರೇಟರ್ ನೋಡಿಕೊಳ್ಳುವ ಮೆಕ್ಯಾನಿಕ್ ನನ್ನ ಹೆಗಲ ಮೇಲಿಂದ ಇಣುಕಿ ಓದಿದ. ಇಡೀ ನಡುಗಡ್ಡೆಗೆ ನಾವಿಬ್ಬರೇ, ಅವನಿಗೆ ಮಾತು ಎಂದರೆ ಪ್ರಾಣ. "ಮೇಡಂ, ಇದು ಸಾಯೋಕ್ ಮುಂಚೆ ಕಾರಣ ಹೇಳಿ ಸತ್ತಿದೆ. ಮನುಷ್ಯರಿಗಿಂತ ವಾಸಿ," ಅಂದ. ನಕ್ಕೆ. ಆಮೇಲೆ ಹೊರಗೆ ಹೋಗಿ ಸ್ವಲ್ಪ ಹೊತ್ತು ಗಾಳಿಯಲ್ಲಿ ನಿಂತು ಬಂದೆ.

ನೀನು ಹೇಳಿದ ಹಾಗೆ ಪಟ್ಟಿ ಮುದ್ರಿಸಿ ಇದರ ಜೊತೆ ಇಟ್ಟಿದ್ದೇನೆ. ಪ್ರೋಗ್ರಾಮನ್ನು ನಾನು ನನ್ನ ಸ್ವಂತ ಫೋಲ್ಡರಿನಿಂದಲೇ ಶುರು ಮಾಡುವುದು. ಅದರಲ್ಲೇನಾದರೂ ತಪ್ಪಿದ್ದರೆ ತಿಳಿಸು.

ಗನ್ನಡಿ ಬಂತು. ಮುಂದಿನ ಕೋಣೆಯಲ್ಲಿ ಮಧ್ಯಾಹ್ನದ ಬಿಸಿಲು ಈಗಲೂ ಆ ಮೇಜಿನವರೆಗೆ ಬರುತ್ತದೆಯೇ? ಈ ತಿಂಗಳಲ್ಲಿ ಬರಬೇಕು. ನೋಡಿ ಬರೆ. ನೀನು ಬರೆಯುವ "ಮನೆ ಚೆನ್ನಾಗಿದೆ" ಎಂಬುದು ಬಹಳ ಗಿಡ್ಡ ವಾಕ್ಯ.

ಅತ್ತಿಗೆ


ಏಪ್ರಿಲ್ 28

ಅತ್ತಿಗೆ,

ಮೊದಲು ಯಂತ್ರ. ನಿಮ್ಮ ಸ್ವಂತ ಫೋಲ್ಡರನ್ನು ನೀವೇ ಓದಲಾಗದಂತೆ ಮುಚ್ಚಿಟ್ಟಿದ್ದೀರಿ. ಒಳಗೆ ಹೋಗಿ ನಿಲ್ಲಬಹುದು, ಒಳಗೆ ಏನೇನಿದೆ ಎಂದು ನೋಡುವಂತಿಲ್ಲ. ನಿಮ್ಮ ಹಳೆಯ ಯಂತ್ರ, ಓದಲು ಬಿಡದ ಫೋಲ್ಡರನ್ನು ಕೈಯಲ್ಲಿ ಹಿಡಿಯಲಾರದು. ಹಾಗಾದಾಗ ನನ್ನ ಪ್ರೋಗ್ರಾಮ್ ಅದರ ಹೆಸರನ್ನು ಮಾತ್ರ ನೆನಪಿಟ್ಟುಕೊಂಡು ಹೋಗುತ್ತದೆ. ಅದು ಹೋಗಿ ಬರುವ ಹತ್ತು ಸೆಕೆಂಡಿನೊಳಗೆ ಹೆಸರು ಬದಲಾಗಿದೆ. ವಾಪಸ್ ಬಂದು ಹುಡುಕಿದರೆ, ನೀವು ಮರಳುವ ತಿಂಗಳೆಂದು ಇಟ್ಟಿದ್ದ "ಡಿಸೆಂಬರ್" ಎಂಬ ಹೆಸರು ಇಲ್ಲ. ಫೋಲ್ಡರನ್ನು ಓದಲು ತೆರೆದಿಡಿ. ಹೇಗೆಂದು ಕೆಳಗೆ ಬರೆದಿದ್ದೇನೆ, ಒಂದೇ ಸಾಲು. ಆಮೇಲೆ ನೀವು ದಿನಕ್ಕೆ ಹತ್ತು ಹೆಸರಿಟ್ಟರೂ ಅದಕ್ಕೆ ತೊಂದರೆಯಿಲ್ಲ.

ಇನ್ನು ನನ್ನ ತೊಂದರೆ. ಹೊಸ ಹೆಸರೂ ಪಟ್ಟಿಯಲ್ಲಿದೆ, ಅತ್ತಿಗೆ. "ಇನ್ನು ಮೂರು ವರ್ಷ." ಏಪ್ರಿಲ್ ಒಂಬತ್ತು, ಹನ್ನೊಂದು ಐವತ್ತೆರಡು. ಅವಧಿ ಮುಂದುವರಿಸಲು ಅರ್ಜಿ ಹಾಕಿ, ಆ ಖುಷಿಗೆ ಫೋಲ್ಡರಿಗೆ ಹೊಸ ಹೆಸರಿಟ್ಟಿರಿ. ಯಂತ್ರಕ್ಕೆ ಹೇಳಿದಿರಿ. ಒಂದು ಹಾಳೆಯಲ್ಲಿ ನನಗೆ ಬರೆಯಲಿಕ್ಕೆ ನಿಮ್ಮ ಕೈಗೆ ಬರಲಿಲ್ಲ. ನಾನು ಇಲ್ಲಿ ಬೆರಳು ಮಡಚುತ್ತ ಕೂತಿದ್ದೇನೆ, ಪೆದ್ದಿ.

ಬಿಸಿಲು ಕೇಳಿದಿರಲ್ಲ. ಮುಂದಿನ ಕೋಣೆ ಇಲ್ಲ. ಕಿಟಕಿ ಇಲ್ಲ. ಆ ಮನೆಯನ್ನು ಜನವರಿಯಲ್ಲೇ ನೆಲಸಮ ಮಾಡಿದರು, ಈಗ ಅಲ್ಲಿ ತಗಡಿನ ಬೇಲಿ ಇದೆ. ನೀವು ಬಾರದೆ ಇರಲಿಕ್ಕೆ ಇದೂ ಒಂದು ಕಾರಣವಾಗಲಿ.


ಜೂನ್ 3

ಅತ್ತಿಗೆ,

ಮೇ ಇಪ್ಪತ್ತೆಂಟರ ದೋಣಿಯಲ್ಲಿ ನಿಮ್ಮ ಪತ್ರ ಬರಲಿಲ್ಲ. ಅಂಚೆಯಲ್ಲಿ ಮೂರು ಸಲ ವಿಚಾರಿಸಿದೆ. ನೀವು ಹುಷಾರಾಗಿದ್ದೀರಿ ಎಂದು ನಿಮ್ಮ ಕಚೇರಿಗೆ ಫೋನ್ ಮಾಡಿ ತಿಳಿದುಕೊಂಡೆ. ಅಂಕಿಗಳು ದಿನಾ ಬರುತ್ತಿವೆಯಂತೆ, ಜಿಗಿಯುತ್ತಿಲ್ಲವಂತೆ.

ಆ ಪತ್ರವನ್ನು ಹಾಗೆ ಬರೆಯಬಾರದಿತ್ತು. ಮನೆಯ ಸುದ್ದಿಯನ್ನು ಕಲ್ಲು ಬೀರಿದ ಹಾಗೆ ಬೀರಿದೆ. ಬೈದಾದರೂ ಬರೆಯಿರಿ.


ಜೂನ್ 17

ಸಣ್ಣವಳೇ,

ಹೋದ ದೋಣಿಗೆ ಬರೆಯಲಿಲ್ಲ. ನಾಲ್ಕು ಸಲ ಶುರು ಮಾಡಿ ಹರಿದೆ. ನಾಳೆ ದೋಣಿ ಬರುವುದರೊಳಗೆ ಇದನ್ನು ಮುಗಿಸುತ್ತೇನೆ.

ಮನೆ ಹೋದದ್ದು ನನಗೆ ಫೆಬ್ರವರಿಯಲ್ಲೇ ಗೊತ್ತು. ಬಾಡಿಗೆ ಪತ್ರ ನನ್ನ ಹೆಸರಿನಲ್ಲಿತ್ತಲ್ಲ, ಸಹಿ ಬೇಕೆಂದು ಮಾಲೀಕರು ಬರೆದಿದ್ದರು. "ನಿಮ್ಮ ನಾದಿನಿಯವರು ಆಗಲೇ ಬೀಗದ ಕೈ ಒಪ್ಪಿಸಿ ಎರಡು ಕೋಣೆಯ ಮನೆಗೆ ಹೋಗಿದ್ದಾರೆ" ಎಂದಿತ್ತು. ಸಹಿ ಹಾಕಿ ಕಳಿಸಿದೆ. ನೀನು ಹೇಳುತ್ತೀಯೆಂದು ಕಾದೆ. ಗನ್ನಡಿ ಕೇಳಿದ್ದು ಅದಕ್ಕೇ, ಬಿಸಿಲು ಕೇಳಿದ್ದೂ ಅದಕ್ಕೇ. ನೀನು ಬಾಯಿ ಬಿಡಲಿಲ್ಲ. ಎರಡು ಕೋಣೆ ಸಾಕೆಂದು ನೀನು ಆರಿಸಿಕೊಂಡಿದ್ದರೆ ಅದರಲ್ಲಿ ನನ್ನ ಲೆಕ್ಕ ಇಲ್ಲ ಎಂದುಕೊಂಡೆ. ನಡುವೆ ಇದ್ದ ಮನುಷ್ಯನೇ ಹೋದ ಮೇಲೆ, ಅತ್ತಿಗೆ ಎಂದು ಇವಳನ್ನು ಯಾಕೆ ಕಟ್ಟಿಕೊಳ್ಳಬೇಕು, ಹೇಳಲು ಸಂಕೋಚ ಪಡುತ್ತಿದ್ದಾಳೆ, ನಾನೇ ದಾರಿ ಬಿಡೋಣ ಎಂದುಕೊಂಡೆ. ಅದಕ್ಕೇ ಅರ್ಜಿ. ಖುಷಿಗೆ ಹೆಸರಿಟ್ಟೆ ಎಂದು ಬರೆದಿದ್ದೀಯ. ಆವತ್ತು ನಾನು ಊಟ ಮಾಡಲಿಲ್ಲ ಕಣೇ.

ಪಟ್ಟಿ ಮುದ್ರಿಸಿ ಕಳಿಸುವಾಗ ಅದರಲ್ಲಿ ಆ ಹೆಸರು ಇದೆ ಎಂದು ನನಗೆ ಗೊತ್ತಿತ್ತೇ ಎಂದು ಕೇಳಬೇಡ. ನನಗೇ ತಿಳಿಯದು.

ಫೋಲ್ಡರು ಮುಚ್ಚಿದ್ದು ಯಾಕೆಂದು ಹೇಳಬೇಕು. ನಿಮ್ಮಣ್ಣ ನನ್ನ ಫೋನಿಗೆ ಕಳಿಸುತ್ತಿದ್ದ ಧ್ವನಿ ಸಂದೇಶಗಳು ಅದರಲ್ಲಿವೆ. ಎಷ್ಟಿವೆ ಎಂದು ನೋಡಿದರೆ ದಿನಕ್ಕೊಂದರಂತೆ ಕೇಳಿ ಮುಗಿಸಿಬಿಡುತ್ತೇನೆ ಎಂಬ ಹೆದರಿಕೆಗೆ, ಪಟ್ಟಿಯೇ ಕಾಣದ ಹಾಗೆ ಮುಚ್ಚಿದೆ. ದಿನವೂ ಅದರೊಳಗೆ ಹೋಗಿ ಕೂತು ಅಲ್ಲಿಂದಲೇ ಕೆಲಸ ಶುರು ಮಾಡುತ್ತಿದ್ದೆ. ಹೋದ ತಿಂಗಳು ನೀನು ಬರೆದ ಸಾಲನ್ನು ಹಾಕಿ ತೆರೆದೆ. ಅರವತ್ತಮೂರು ಇವೆ. ಒಂದನ್ನು ಕೇಳಿದೆ. "ನೋಡು, ಬಚ್ಚಲ ನಲ್ಲಿ ಮತ್ತೆ ಸೋರ್ತಿದೆ. ಪ್ಲಂಬರ್ ನಾಳೆ ಅಂತಾನೆ, ಅವನ ನಾಳೆ ನಂಗೊತ್ತು. ಸಣ್ಣವಳು ಬೇಗ ಬಂದ್ರೆ ಒಂದು ಬಕೆಟ್ ಇಡೋಕ್ ಹೇಳು." ಇಷ್ಟೇ. ನನಗೆ ಎಷ್ಟು ಅಳು ಬಂತೆಂದರೆ ಮೆಕ್ಯಾನಿಕ್ ಹೆದರಿ ನೀರು ತಂದ.

ನಾಳಿನ ದೋಣಿಯಲ್ಲಿ ಅರ್ಜಿ ವಾಪಸ್ ತೆಗೆದುಕೊಳ್ಳುವ ಪತ್ರವನ್ನೂ ಕಳಿಸುತ್ತಿದ್ದೇನೆ. ನನಗೆ ಬರಬೇಕು. ಮನೆಗಲ್ಲ, ನೀನಿರುವಲ್ಲಿಗೆ.

ಅತ್ತಿಗೆ


ಜುಲೈ 8

ಸಣ್ಣವಳೇ,

ನಿನ್ನ ಜೂನ್ ಮೂರರ ಪತ್ರ ಹೋದ ದೋಣಿಯಲ್ಲಿ ಬಂತು. ಆಗಲೇ ನನ್ನದು ಚೀಲ ಸೇರಿತ್ತು.

ಕಚೇರಿಯ ಉತ್ತರ ತಂತಿಯ ಹಾಗೆ ಎರಡು ಸಾಲಿನಲ್ಲಿ ಬಂದಿದೆ. ಅಂಕಿಗಳ ಸಂಪರ್ಕದಲ್ಲೇ ಕಳಿಸಿದರು, ತಮ್ಮ ಕೆಲಸಕ್ಕಾದರೆ ಮಾತೂ ಹೋಗುತ್ತದೆ ನೋಡು. ಮೇ ತಿಂಗಳಲ್ಲೇ ಆದೇಶ ಹೊರಟಿದೆ, ಬದಲಿ ಮನುಷ್ಯನನ್ನು ಬೇರೆ ಕೇಂದ್ರಕ್ಕೆ ಹಾಕಿಯಾಗಿದೆ, ಹಿಂತೆಗೆತ ಸಾಧ್ಯವಿಲ್ಲ. ಮೂರು ವರ್ಷ.

ನಾವಿಬ್ಬರೂ ಒಬ್ಬರನ್ನೊಬ್ಬರು ನೋಯಿಸಬಾರದೆಂದು ಮಾಡಿದ್ದರ ಫಲ ಇದು. ಒಬ್ಬಳು ಜಗಳಗಂಟಿಯಾಗಿದ್ದರೂ ಸಾಕಿತ್ತು.

ಉಳಿದ ಅರವತ್ತೆರಡನ್ನು ಕೇಳಿಲ್ಲ. ಒಬ್ಬಳೇ ಕೇಳಲು ಮನಸ್ಸಾಗುತ್ತಿಲ್ಲ.

ಅತ್ತಿಗೆ


ಜುಲೈ 22

ಅತ್ತಿಗೆ,

ಈ ಪತ್ರದಲ್ಲಿ ಚೆನ್ನಾಗಿದೆ ಎಂಬ ಮಾತು ಎಲ್ಲೂ ಇರುವುದಿಲ್ಲ.

ಇಲ್ಲಿ ಲಿಫ್ಟ್ ಇಲ್ಲ. ಬಾಗಿಲು ತೆಗೆದರೆ ಎದುರಿಗೇ ಅಣ್ಣನ ಮೇಜು, ಅದನ್ನು ಬಳಸಿಕೊಂಡೇ ಒಳಗೆ ಹೋಗಬೇಕು. ಕಿಟಕಿಗೆ ಎದುರು ಮನೆಯ ಗೋಡೆ ಬಿಟ್ಟರೆ ಏನೂ ಕಾಣದು. ಒಂದು ಕೋಣೆಯಲ್ಲಿ ನಾನು ಮಲಗುತ್ತೇನೆ. ಇನ್ನೊಂದರಲ್ಲಿ ಜನವರಿಯಿಂದ ನಿಮ್ಮ ಮಂಚ ಹಾಕಿಟ್ಟಿದ್ದೇನೆ, ಧೂಳು ಕೂರುತ್ತದೆಂದು ಹಳೆಯ ಸೀರೆ ಹೊದಿಸಿದ್ದೇನೆ. ಎರಡೇ ಕೋಣೆ ಸಾಕೆಂದದ್ದು ನಾವಿಬ್ಬರೇ ಎಂಬ ಲೆಕ್ಕದಲ್ಲಿ. ಮಾಲೀಕರು ನಿಮಗೆ ಅದನ್ನು ಬರೆಯಲಿಲ್ಲ, ಅವರಿಗೆ ಹೇಗೆ ಗೊತ್ತಾಗಬೇಕು?

ನಾನು ನಿಂತುಕೊಂಡೇ ಊಟ ಮಾಡುತ್ತೇನೆ. ರಜೆಯ ದಿನ ಸಂಜೆಯವರೆಗೂ ಯಾರ ಜೊತೆಯೂ ಮಾತಾಡಿಲ್ಲ ಎಂದು ನೆನಪಾಗಿ, ಗಂಟಲು ಸರಿಯಿದೆಯೇ ಎಂದು ಒಮ್ಮೆ ಜೋರಾಗಿ ಕೆಮ್ಮುತ್ತೇನೆ. ಆಫೀಸಿನಲ್ಲಿ ಎಲ್ಲರಿಗೂ ನಾನು ಬಹಳ ಗಟ್ಟಿ ಹೆಂಗಸು. ಮೂರು ವರ್ಷ ಎಂದು ಓದಿ ಮೆಟ್ಟಿಲ ಮೇಲೆ ಕೂತೆ. ಮೂರನೇ ಮಹಡಿಯವರು ಕೀಲುನೋವೇ ಎಂದು ಕೇಳಿ ಒಂದು ಮುಲಾಮಿನ ಹೆಸರು ಹೇಳಿಹೋದರು.

ಮಾರನೇ ದಿನ ರಜೆ ಹಾಕಿ ನಿಮ್ಮ ಮುಖ್ಯ ಕಚೇರಿಗೆ ಹೋದೆ. ಕೇಂದ್ರದಲ್ಲಿರುವವರ ಕುಟುಂಬದವರು ವರ್ಷಕ್ಕೊಮ್ಮೆ ಒಂದು ದೋಣಿಗೆ ಹೋಗಿ ಮುಂದಿನ ದೋಣಿಗೆ ಮರಳಬಹುದಂತೆ. ಮೂರು ವಾರ. ನೀವು ಇದನ್ನು ಒಮ್ಮೆಯೂ ಹೇಳಲಿಲ್ಲ. ನಿಮಗೂ ಗೊತ್ತಿರಲಿಲ್ಲ ಎಂದುಕೊಳ್ಳುತ್ತೇನೆ. ಫಾರಂ ತುಂಬಿ ಕೊಟ್ಟೆ. ಗುಮಾಸ್ತರು ಕನ್ನಡಕ ಏರಿಸಿ ಓದಿದರು.

"ನಾದಿನಿ ಅಂದ್ರೆ ಯಾರ ಕಡೆಯಿಂದ?"

"ಅವರು ನಮ್ಮಣ್ಣನ ಹೆಂಡತಿ."

"ಅಣ್ಣ ಇದ್ದಾರಾ?"

"ಇಲ್ಲ."

"ಹಂಗಾದ್ರೆ ಸಂಬಂಧ ಎಲ್ಲಿ ಉಳೀತು ಮೇಡಂ? ಗಂಡ, ಮಕ್ಕಳು, ಅಪ್ಪ ಅಮ್ಮ, ಒಡಹುಟ್ಟಿದೋರು. ನಮ್ಮ ಪಟ್ಟೀಲಿ ಇರೋದೇ ಇಷ್ಟು."

ಫಾರಮನ್ನು ವಾಪಸ್ ತಳ್ಳಿದರು. ನಾನು ಹೊರಗೆ ಬೆಂಚಿನ ಮೇಲೆ ಸ್ವಲ್ಪ ಹೊತ್ತು ಕೂತು, ಇನ್ನೊಂದು ಫಾರಂ ಇಸಿದುಕೊಂಡೆ. ಊಟದ ಹೊತ್ತಿಗೆ ಅವರು ಎದ್ದು ಹೋಗಿ ಬೇರೆ ಹೆಂಗಸು ಬಂದು ಕೂತ ಮೇಲೆ ಕೊಟ್ಟೆ. ಅವರು ಓದಲೂ ಇಲ್ಲ, ಟಪ್ ಎಂದು ಮುದ್ರೆ ಒತ್ತಿದರು. ಆಗಸ್ಟ್ ಇಪ್ಪತ್ತರ ದೋಣಿಗೆ ಬರುತ್ತಿದ್ದೇನೆ, ಸೆಪ್ಟೆಂಬರ್ ಹತ್ತರವರೆಗೆ.

ದೋಣಿಯವರು ಇಳಿಸುವಾಗ ಕೇಂದ್ರದವರಿಂದ ಸಂಬಂಧ ಕೇಳಿ ಬರೆದುಕೊಳ್ಳುತ್ತಾರಂತೆ. ಎರಡನೇ ಫಾರಮಿನಲ್ಲಿ ನಾನು ಬರೆದ ಹಾಗೆ, ತಂಗಿ ಎಂದು ಹೇಳಿ. ನಾನು ಇಪ್ಪತ್ತೆರಡು ವರ್ಷದ ಅಭ್ಯಾಸಕ್ಕೆ ಬಾಯಿ ತಪ್ಪಿ "ಅತ್ತಿಗೆ" ಎಂದು ಕೂಗಿದರೆ ತಿರುಗಿ ನೋಡಬೇಡಿ. "ಅಕ್ಕಾ" ಅನ್ನುವವರೆಗೂ ಕಾಯಿರಿ.

ನಿಮ್ಮ ತಂಗಿ